ಒಂದು ಕಡೆ ಕಳ್ಳ ಸಿಕ್ಕಿದರೆ ಉಳಿದ ಬಾಗಿಲುಗಳಿಗೂ ಗೊತ್ತಾಗಬೇಕು

ಎಲ್ಲರಿಗೂ ನಮಸ್ಕಾರ. ಅಪಾಯದ ಸುಳಿವು ಸಿಕ್ಕ ಕೂಡಲೇ ತಾನಾಗಿ ಬಿಗಿಯಾಗುವ ಕಂಪ್ಯೂಟರ್ ಭದ್ರತೆಯ ಬಗ್ಗೆ ಮಾತಾಡಲು ಉಡುಪಿಗಿಂತ ಒಳ್ಳೆಯ ಊರಿಲ್ಲ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದ್ದು ಇಲ್ಲೇ, ಅದೇ ವರ್ಷ ಕೆನರಾ ಬ್ಯಾಂಕ್ ಮಂಗಳೂರಿನಲ್ಲಿ. ಇವತ್ತು ಇಲ್ಲಿ ಕೂತವರಲ್ಲೂ ಸೊಸೈಟಿ, ಆಸ್ಪತ್ರೆ, ಕಾಲೇಜುಗಳ ಕಂಪ್ಯೂಟರ್ ನೋಡಿಕೊಳ್ಳುವವರೇ ಜಾಸ್ತಿ. ಹಾಗಾಗಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಆದದ್ದನ್ನೇ ಹೇಳುತ್ತೇನೆ.

2018ರ ಆಗಸ್ಟ್, ಪುಣೆಯ ಕಾಸ್ಮೋಸ್ ಬ್ಯಾಂಕ್. 11ನೇ ತಾರೀಖು ಶನಿವಾರ ನಕಲಿ ಕಾರ್ಡುಗಳಿಂದ 28 ದೇಶಗಳ ಎಟಿಎಂಗಳಲ್ಲಿ ಹಣ ತೆಗೆದರು. ಹಣ ಕೊಡಬಹುದೋ ಬೇಡವೋ ಎಂದು ಹೇಳುವ ಸ್ವಿಚ್ ಇರುತ್ತದಲ್ಲ, ಅದರ ಜಾಗದಲ್ಲಿ ಕಳ್ಳರ ನಕಲಿ ಸ್ವಿಚ್ ಕೂತು ಎಲ್ಲದಕ್ಕೂ ಹೂಂ ಅನ್ನುತ್ತಿತ್ತು. ಆಮೇಲೆ 13ನೇ ತಾರೀಖು, ಸೋಮವಾರ, ಅದೇ ಬ್ಯಾಂಕಿನ ಸ್ವಿಫ್ಟ್, ಅಂದರೆ ವಿದೇಶದ ಬ್ಯಾಂಕುಗಳಿಗೆ ಹಣ ಕಳಿಸಲು ಸಂದೇಶ ಹೋಗುವ ವ್ಯವಸ್ಥೆ, ಅದರ ಮೂಲಕ ಸುಮಾರು 14 ಕೋಟಿ ರೂಪಾಯಿ ಹಾಂಗ್‌ಕಾಂಗ್‌ಗೆ ಹೋಯಿತು. ಒಟ್ಟು ನಷ್ಟ 94 ಕೋಟಿ.

ನನಗೆ ಬಹಳ ನೋವು ಕೊಡುವುದು ನಡುವಿನ ಆ ಭಾನುವಾರ. ಎಟಿಎಂ ಕಡೆ ಏನೋ ಆಗಿದೆ ಅನ್ನುವ ಸುಳಿವು ಸಿಕ್ಕ ಕ್ಷಣದಿಂದ ಸ್ವಿಫ್ಟ್ ಕಡೆಯೂ ತಾನಾಗಿ ಬಿಗಿಯಾಗಬೇಕು: ದೊಡ್ಡ ಮೊತ್ತಕ್ಕೆ ಇನ್ನೊಬ್ಬರ ಒಪ್ಪಿಗೆ, ಹೊಸ ಖಾತೆಗೆ ತಡೆ, ಅಡ್ಮಿನ್‌ಗಳಿಗೆ ಮತ್ತೆ ಲಾಗಿನ್. ಹೊಂದಿಕೊಳ್ಳುವ ಭದ್ರತೆ, ಅಡಾಪ್ಟಿವ್ ಸೆಕ್ಯುರಿಟಿ ಅಂದರೆ ನನ್ನ ಪ್ರಕಾರ ಇದೇ. 2014ರಲ್ಲಿ ಗಾರ್ಟ್ನರ್ ಎಂಬ ತಂತ್ರಜ್ಞಾನ ಸಲಹಾ ಸಂಸ್ಥೆ ಇದನ್ನು ನಾಲ್ಕು ಕೆಲಸವಾಗಿ ವಿವರಿಸಿತು: ಮೊದಲೇ ಊಹಿಸುವುದು, ತಡೆಯುವುದು, ಪತ್ತೆ ಹಚ್ಚುವುದು, ಸರಿಪಡಿಸುವುದು. ನಮ್ಮಲ್ಲಿ ದುಡ್ಡೆಲ್ಲ ಫೈರ್‌ವಾಲ್, ಆಂಟಿವೈರಸ್ ಅಂತ ತಡೆಯುವುದಕ್ಕೇ ಹೋಗುತ್ತದೆ, ಅಲ್ವಾ?

ಇನ್ನು, ಯಾವುದು ಅನುಮಾನದ ವಿಷಯ ಅಂತ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು? ಅಲ್ಲಿನ ದಿನಚರಿ ಗೊತ್ತಿದ್ದರೆ ಮಾತ್ರ. ರಾತ್ರಿ ಎರಡು ಗಂಟೆಗೆ ಸೊಸೈಟಿಯ ಕ್ಯಾಷಿಯರ್ ಲಾಗಿನ್ ಆದರೆ ಗಾಬರಿ ಪಡಬೇಕು, ಅದೇ ಹೊತ್ತಿಗೆ ಆಸ್ಪತ್ರೆಯಲ್ಲಿ ನರ್ಸ್ ಲಾಗಿನ್ ಆದರೆ ಅದು ಡ್ಯೂಟಿ. ಹಾಗಾಗಿ ಬೇರೆಯವರ ನಿಯಮಗಳನ್ನು ಸುಮ್ನೆ ತಂದು ಹಾಕಿಕೊಳ್ಳಬೇಡಿ. ಅನುಮಾನ ಬಂದ ಕೂಡಲೇ ಕಂಪ್ಯೂಟರನ್ನು ನೆಟ್‌ವರ್ಕ್‌ನಿಂದ ಕತ್ತರಿಸಿ ಹಾಕುವುದೂ ಅಪಾಯ, ಅದು ಐಸಿಯುನದ್ದಾಗಿದ್ದರೆ ರೋಗಿಯ ಗತಿ ಏನು? ಮೊದಲು ಇನ್ನೊಂದು ಒಟಿಪಿ ಕೇಳಲಿ, ಆಮೇಲೆ ಹಕ್ಕು ಕಡಿಮೆ ಮಾಡಲಿ, ಕೊನೆಗೆ ಬೇರ್ಪಡಿಸಲಿ. ಯಾರನ್ನೂ ಕೇಳದೆ ಸಿಸ್ಟಮ್ ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ಮನುಷ್ಯರನ್ನು ಎಬ್ಬಿಸಬೇಕು ಅನ್ನುವುದನ್ನು ಮ್ಯಾನೇಜರೂ ವೈದ್ಯರೂ ಕೂತು ಹಗಲಿನಲ್ಲೇ ಬರೆದಿಡಬೇಕು. ಐಟಿ ಹುಡುಗನೊಬ್ಬನ ತಲೆಗೆ ಇದನ್ನು ಕಟ್ಟುವುದು ಅನ್ಯಾಯ.

ಇದಕ್ಕೆಲ್ಲ ಆಧಾರ ಲಾಗ್‌ಗಳು, ಅಂದರೆ ಯಾವಾಗ ಏನಾಯಿತು ಅಂತ ಯಂತ್ರಗಳು ತಾವೇ ಬರೆದಿಡುವ ದಾಖಲೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಲಾಗ್‌ಗಳನ್ನು 180 ದಿನ ಇಡಬೇಕು, ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಎಲ್ಲ ಯಂತ್ರಗಳ ಗಡಿಯಾರ ಒಂದೇ ಸಮಯ ತೋರಿಸಬೇಕು ಅಂತಲೂ ಅದರಲ್ಲಿದೆ. ಗಡಿಯಾರಗಳು ಹತ್ತು ನಿಮಿಷ ಆಚೀಚೆ ಇದ್ದರೆ ಯಾವುದು ಮೊದಲು ಆಯಿತು, ಯಾವುದು ಆಮೇಲೆ ಅಂತ ಜೋಡಿಸಲು ಬರುವುದಿಲ್ಲ. ನಾಳೆ ಆಫೀಸಿಗೆ ಹೋದಾಗ ಮೊದಲು ಅದನ್ನು ನೋಡಿ, ಅದಕ್ಕೆ ಖರ್ಚೂ ಇಲ್ಲ.