ಅನುಮಾನ ಬಂದರೆ ಸಾಕು

ಶ್ರೋತೃಗಳಿಗೆ ನಮಸ್ಕಾರ.

ಮಕ್ಕಳ ಕಿವಿ, ಮೂಗು, ಗಂಟಲಿನ ವೈದ್ಯರ ಸಮ್ಮೇಳನವೊಂದನ್ನು ಮುಗಿಸಿಕೊಂಡು ಈಗಷ್ಟೇ ಬಂದಿದ್ದೇನೆ. ಅಲ್ಲಿ ಪರಿಣತರು ಏನು ಹೇಳಿದರು ಎಂಬುದನ್ನು ಸರಳವಾಗಿ ತಿಳಿಸಿ ಎಂದು ಬಾನುಲಿಯವರು ಕೇಳಿದ್ದಾರೆ. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಭಾಷಣಗಳೇ ಭಾಷಣಗಳು. ಒಬ್ಬರು ಶ್ವಾಸನಾಳದೊಳಗೆ ಇಳಿಸುವ ಹೊಸ ದುರ್ಬೀನು ತೋರಿಸಿದರು. ಇನ್ನೊಬ್ಬರ ಪರದೆಯ ತುಂಬ ಬರೀ ಗ್ರಾಫುಗಳು. ನನಗೆ ಇವೆಲ್ಲ ಹಬ್ಬ. ನಿಮಗೆ ಅವುಗಳ ಉಪಯೋಗವಿಲ್ಲ. ಆದರೆ ಮಾತನಾಡಿದವರಲ್ಲಿ ಬಹಳಷ್ಟು ಮಂದಿ ಸುತ್ತಿ ಬಳಸಿ ಬಂದು ನಿಂತ ಜಾಗ ಒಂದೇ: ಮಗು ತಡವಾಗಿ ಬಂತು. ಉಪಕರಣ ಸಿದ್ಧವಿತ್ತು, ವೈದ್ಯರ ಕೈ ಪಳಗಿತ್ತು, ಮಗು ಮಾತ್ರ ತಡವಾಗಿ ಬಂತು. ಏಕೆಂದರೆ ಮನೆಯವರು ಖಾತ್ರಿಯಾಗಲಿ ಎಂದು ಕಾಯುತ್ತಿದ್ದರು.

ಹಾಗಾಗಿ ನಾನು ಹೇಳಬೇಕಾದದ್ದು ಇಷ್ಟೇ. ಅನುಮಾನ ಬಂದರೆ ಸಾಕು, ಹೊರಡಿ. ಖಾತ್ರಿ ಮಾಡುವುದು ನಮ್ಮ ಕೆಲಸ, ನಿಮ್ಮದಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತವನಲ್ಲ. ವೃತ್ತಿಗೆ ಬಂದ ಹೊಸತರಲ್ಲಿ ಒಂದು ಸಂಜೆ, ಒಂದೂವರೆ ವರ್ಷದ ಹುಡುಗಿಯನ್ನು ಎತ್ತಿಕೊಂಡು ಒಬ್ಬ ತಾಯಿ ಬಂದರು. ಮಗು ಹಾಲು ಕುಡಿಯುತ್ತಿರಲಿಲ್ಲ, ಬಾಯಿಂದ ಜೊಲ್ಲು ಸೋರುತ್ತಿತ್ತು. ಆಗಲೇ ಎರಡು ಕಡೆ ತೋರಿಸಿ ಆಗಿತ್ತು. ಗಂಟಲು ಕೆಂಪಾಗಿದೆ ಎಂದು ಎರಡೂ ಕಡೆ ಔಷಧಿ ಬರೆದುಕೊಟ್ಟಿದ್ದರು. ನಾನೂ ಬಾಯಿ ತೆರೆಸಿ, ಬೆಳಕು ಬಿಟ್ಟು ನೋಡಿದೆ. ಗಂಟಲು ಕೆಂಪಾಗಿಯೇ ಇತ್ತು. ಗಂಟಲಿನ ಸೋಂಕು ಎಂದು ಬರೆಯಲು ಪೆನ್ನು ತೆಗೆದೆ. ಆಗ ಆಕೆ ಚೀಲದಿಂದ ಒಂದು ಸಣ್ಣ ರಿಮೋಟ್ ತೆಗೆದು ಮೇಜಿನ ಮೇಲಿಟ್ಟರು. "ಇದರ ಮುಚ್ಚಳ ಕಳಚಿ ನೆಲದ ಮೇಲೆ ಬಿದ್ದಿತ್ತು, ಒಳಗೆ ಸೆಲ್ ಇರಲಿಲ್ಲ. ಅದು ಎಂದೋ ಕಳೆದುಹೋಗಿರಬೇಕು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಯಾಕೋ ಸಮಾಧಾನವಿಲ್ಲ ಡಾಕ್ಟರೇ" ಎಂದರು.

ನನಗೆ ಸಮಾಧಾನವಿತ್ತು. ನಾನು ಹೊಸಬ, ಹೊಸಬರಿಗೆ ಎಲ್ಲದರಲ್ಲೂ ಸಮಾಧಾನವಿರುತ್ತದೆ. ಪಕ್ಕದಲ್ಲಿದ್ದ ಹಿರಿಯ ನರ್ಸ್ ಒಬ್ಬರು ಮೆಲ್ಲಗೆ "ಒಂದು ಎಕ್ಸ್‌ರೇ ತೆಗೆಸಿಬಿಡೋಣ ಸಾರ್" ಎಂದದ್ದಕ್ಕೆ ಒಪ್ಪಿದೆ. ಚಿತ್ರ ಬಂತು. ಅನ್ನನಾಳದ ಮೇಲುಭಾಗದಲ್ಲಿ ದುಂಡಗಿನ ಬಿಳಿ ಬಿಲ್ಲೆ. "ನಾಣ್ಯ" ಎಂದೆ ನಾನು. ನಮ್ಮ ಹಿರಿಯ ವೈದ್ಯರು ಅದನ್ನು ಕಸಿದುಕೊಂಡು ಬೆಳಕಿಗೆ ಹಿಡಿದರು. "ಸರಿಯಾಗಿ ನೋಡಯ್ಯ. ಬಳೆಯೊಳಗೆ ಇನ್ನೊಂದು ಬಳೆ ಕಾಣುತ್ತಿಲ್ಲವೇ? ನಾಣ್ಯಕ್ಕೆ ಎರಡು ಅಂಚು ಎಲ್ಲಿಂದ ಬಂತು?" ಎಂದು ಗದರಿಸಿದವರೇ ಶಸ್ತ್ರಕ್ರಿಯೆಯ ಕೋಣೆಗೆ ನಡೆದರು.

ಅದು ಬಟನ್ ಸೆಲ್, ಗುಂಡಿಯಂತೆ ದುಂಡಗಿರುವ ಪುಟ್ಟ ಬ್ಯಾಟರಿ. ತೆಗೆಯಲು ಹಿಡಿದದ್ದು ಕೆಲವೇ ನಿಮಿಷ. ಆದರೆ ಅದು ಕುಳಿತಿದ್ದ ಜಾಗದಲ್ಲಿ ಅನ್ನನಾಳದ ಗೋಡೆ ಸುಟ್ಟು ಕಪ್ಪಾಗಿತ್ತು. ಮಗು ಬದುಕಿತು. ಆದರೆ ಸುಟ್ಟ ಜಾಗ ಮಾಯುವಾಗ ಬಿಗಿದುಕೊಂಡಿತು, ಅದನ್ನು ಹಿಗ್ಗಿಸಲು ಮತ್ತೆ ಮತ್ತೆ ಅರಿವಳಿಕೆ ಕೊಡಬೇಕಾಯಿತು. "ನಾನು ಇನ್ನೂ ಬೇಗ ಬರಬೇಕಿತ್ತಲ್ಲವೇ?" ಎಂದು ಆ ತಾಯಿ ಒಂದು ದಿನ ಕೇಳಿದರು. ಅವರು ಮಧ್ಯಾಹ್ನವೇ ಮನೆಯಿಂದ ಹೊರಟಿದ್ದರು. ದಾರಿಯುದ್ದಕ್ಕೂ ಅವರನ್ನು ತಡೆದು ನಿಲ್ಲಿಸಿದವರು ನಾವು, ತಿಳಿದವರು.

ಈ ಬಿಲ್ಲೆ ಏಕೆ ಇಷ್ಟು ಕೆಟ್ಟದ್ದು? ಒಳಗಿನ ರಸ ಸೋರಿ ಸುಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸೋರಬೇಕಾಗಿಯೇ ಇಲ್ಲ. ಅನ್ನನಾಳದ ಒದ್ದೆ ಗೋಡೆ ಸೆಲ್ಲಿನ ಎರಡೂ ಮುಖಗಳಿಗೆ ತಾಗುತ್ತದೆ, ವಿದ್ಯುತ್ತು ಹರಿಯುತ್ತದೆ, ಋಣ ಧ್ರುವದ ಬದಿಯಲ್ಲಿ ತೀಕ್ಷ್ಣವಾದ ಕ್ಷಾರ ಹುಟ್ಟುತ್ತದೆ. 20 ಮಿಲಿಮೀಟರ್ ಅಗಲದ ಲಿಥಿಯಂ ಸೆಲ್ಲಿಗೆ ಇದಕ್ಕೆ 2 ಗಂಟೆ ಸಾಕು. ರಿಮೋಟ್ ನಡೆಸಲಾಗದೆ ನೀವು ಎಸೆದ ಹಳೆಯ ಸೆಲ್ಲಿನಲ್ಲೂ ಮಗುವಿನ ಅನ್ನನಾಳ ಸುಡುವಷ್ಟು ಶಕ್ತಿ ಉಳಿದಿರುತ್ತದೆ. 2 ಗಂಟೆ ಎಂದರೆ ನೆರೆಯವರನ್ನು ಕೇಳಿ, ಮಂಚದ ಕೆಳಗೆ ಹುಡುಕಿ, ಸಂಜೆಯವರೆಗೆ ನೋಡೋಣ ಎನ್ನುವಷ್ಟು ಹೊತ್ತಲ್ಲ. ಅನುಮಾನ ಬಂದರೆ ಸಾಕು, ಹೊರಡಿ.

ಜೇನುತುಪ್ಪದ ವಿಷಯ ಕೆಲವರು ಕೇಳಿರಬಹುದು. ಹಂದಿಮರಿಗಳ ಮೇಲೆ ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಜೇನು ಆ ಕ್ಷಾರದ ಕೆಡುಕನ್ನು ತಗ್ಗಿಸುತ್ತದೆ ಎಂದು ತೋರಿಸಿತು. ಒಂದು ವರ್ಷ ತುಂಬಿದ, ನುಂಗಬಲ್ಲ ಮಗುವಿಗೆ ಆಸ್ಪತ್ರೆಯ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಚಿಕ್ಕ ಚಮಚ ಕೊಡಬಹುದು. ಒಂದು ವರ್ಷದೊಳಗಿನ ಮಗುವಿಗೆ ಬೇಡವೇ ಬೇಡ. ವಾಂತಿ ಮಾಡಿಸಬೇಡಿ. ಮತ್ತೆ, ದಯವಿಟ್ಟು, ಜೇನಿನ ಸೀಸೆ ಹುಡುಕುತ್ತಾ ಮನೆಯಲ್ಲೇ ನಿಲ್ಲಬೇಡಿ. ಇದು ದಾರಿಯ ಔಷಧಿ.

ಅಮೆರಿಕದಲ್ಲಿ ಶೆವಲಿಯೆ ಜಾಕ್ಸನ್ ಎಂಬ ವೈದ್ಯರಿದ್ದರು, 1865ರಲ್ಲಿ ಹುಟ್ಟಿದವರು. ಜನರ ಗಂಟಲಿನಿಂದ, ಶ್ವಾಸನಾಳದಿಂದ ಹೊರತೆಗೆದ 2,000ಕ್ಕೂ ಹೆಚ್ಚು ವಸ್ತುಗಳನ್ನು ಜೋಪಾನ ಮಾಡಿದರು. ಇಂದಿಗೂ ಅವು ಫಿಲಡೆಲ್ಫಿಯಾದ ವಸ್ತುಸಂಗ್ರಹಾಲಯದ ಸೆಳೆಖಾನೆಗಳಲ್ಲಿವೆ: ಪಿನ್ನು, ಗುಂಡಿ, ನಾಣ್ಯ, ಆಟಿಕೆಯ ಚೂರು. ಮಕ್ಕಳು ಕಾಸ್ಟಿಕ್ ಸೋಡಾ ಕುಡಿದು ಗಂಟಲು ಸುಟ್ಟುಕೊಳ್ಳುವುದನ್ನು ಕಂಡು ಕಂಡು, ಡಬ್ಬಿಯ ಮೇಲೆ ವಿಷ ಎಂದು ಬರೆಯಲೇಬೇಕೆಂದು ಹಟ ಹಿಡಿದರು. 1927ರಲ್ಲಿ ಅಲ್ಲಿ ಆ ಕಾನೂನು ಬಂತು. ಲಿಥಿಯಂ ಬಟನ್ ಸೆಲ್ಲನ್ನು ಅವರು ಕಾಣಲಿಲ್ಲ. ಕಂಡಿದ್ದರೆ ಏನು ಮಾಡುತ್ತಿದ್ದರೋ ಎಂದು ನಾನು ಆಗಾಗ ಯೋಚಿಸುತ್ತೇನೆ.

ಕಥೆ ಹೇಳುತ್ತಾ ಅರ್ಧಕ್ಕಿಂತ ಹೆಚ್ಚು ಸಮಯ ಕಳೆದುಬಿಟ್ಟೆ. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಕಡಲೆಬೀಜ. ಬಾಯಲ್ಲಿಟ್ಟುಕೊಂಡು ಓಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಉಸಿರುಗಟ್ಟುವಂತೆ ಕೆಮ್ಮಿತು, ಆಮೇಲೆ ಸುಮ್ಮನಾಗಿ ಆಟಕ್ಕೆ ಹೋಯಿತು. ಮನೆಯವರಿಗೆ ನಿರಾಳ. ಆದರೆ ಬೀಜ ಶ್ವಾಸಕೋಶದ ಕವಲಿನಲ್ಲಿ ಇಳಿದು ಕುಳಿತಾಗಲೂ ಕೆಮ್ಮು ಹೀಗೆಯೇ ನಿಲ್ಲುತ್ತದೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆ ಒಂದು ಕೆಮ್ಮಿನ ಕಥೆಯನ್ನು ನೀವು ಹೇಳದಿದ್ದರೆ ನಮಗೆ ತಿಳಿಯುವ ಬಗೆಯಿಲ್ಲ.

ಮೂಗು. ಒಂದೇ ಹೊಳ್ಳೆಯಿಂದ ವಾಸನೆಯ ಸಿಂಬಳ ಬರುತ್ತಿದ್ದರೆ ಅದನ್ನು ನೆಗಡಿ ಎಂದು ಕರೆಯಬೇಡಿ. ನೆಗಡಿ ಒಂದೇ ಹೊಳ್ಳೆಯನ್ನು ಆರಿಸಿಕೊಳ್ಳುವುದಿಲ್ಲ. ಒಳಗೆ ಏನೋ ಸಿಕ್ಕಿಕೊಂಡಿದೆ. ಪಿನ್ನು ಹಾಕಿ ಕೆದಕಬೇಡಿ.

ಕಿವಿ. ಇದಕ್ಕೇ ಒಂದು ಭಾಷಣ ಬೇಕಿತ್ತು. ಹಿಂದೆ ನಿಂತು ಚಪ್ಪಾಳೆ ತಟ್ಟಿ, ಮಗು ತಿರುಗಿತು, ಕಿವಿ ಚೆನ್ನಾಗಿದೆ ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮಗು ನೆರಳನ್ನು ನೋಡಿ ತಿರುಗಿರಬಹುದು. ಆರೋಗ್ಯವಾದ ಒಳಕಿವಿ ತಾನೇ ಸಣ್ಣ ಸದ್ದು ಹೊರಡಿಸುತ್ತದೆ ಎಂದು ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಆ ಸದ್ದನ್ನು ಅಳೆಯುವ ಯಂತ್ರದಿಂದ, ನಿದ್ದೆಯಲ್ಲಿರುವ ಹಸುಗೂಸನ್ನೂ ಕೆಲವೇ ನಿಮಿಷದಲ್ಲಿ ಪರೀಕ್ಷಿಸಬಹುದು. 1 ತಿಂಗಳೊಳಗೆ ಪರೀಕ್ಷೆ, 3 ತಿಂಗಳೊಳಗೆ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ. ಬರೆದಿಟ್ಟುಕೊಳ್ಳಿ: 1, 3, 6. ನಮ್ಮ ಮನೆಯಲ್ಲಿ ಗಂಡುಮಕ್ಕಳಿಗೆ ಮಾತು ತಡವಾಗಿಯೇ ಬರುವುದು ಎನ್ನುವ ಹಿರಿಯರಿಗೆ ನಮಸ್ಕಾರ ಮಾಡಿ, ಮಗುವನ್ನು ಕರೆತನ್ನಿ.

ಗೊರಕೆ, ಟಾನ್ಸಿಲ್, ಬಾಯಿ ತೆರೆದು ಮಲಗುವ ಮಕ್ಕಳು, ಇವೆಲ್ಲ ಉಳಿದೇಹೋದವು. ಮತ್ತೊಮ್ಮೆ ಕರೆದರೆ ಹೇಳುತ್ತೇನೆ. ಈಗ ನೀವು ಎದ್ದು ಹೋಗಿ ಮನೆಯಲ್ಲಿರುವ ರಿಮೋಟು, ಆಟಿಕೆ, ತೂಕದ ಯಂತ್ರ, ಹಾಡು ಹೇಳುವ ಶುಭಾಶಯ ಪತ್ರ, ಎಲ್ಲವನ್ನೂ ತಿರುಗಿಸಿ ನೋಡಿ. ಮುಚ್ಚಳಕ್ಕೆ ಸ್ಕ್ರೂ ಇದ್ದರೆ ಬಿಗಿ ಮಾಡಿ. ಸ್ಕ್ರೂ ಇಲ್ಲದ್ದನ್ನು ಮಗುವಿನ ಕೈಗೆ ಎಟುಕದ ಕಡೆ ಎತ್ತಿಡಿ. ನಮಸ್ಕಾರ.