ಬಾಣಂತಿ ಕೋಣೆಗೆ ಬಾರದ ಬಿಸಿಲು

ಕೇಳುಗರಿಗೆ ನಮಸ್ಕಾರ.

ನನ್ನ ಮೊದಲ ಬಾಣಂತನ ಅಮ್ಮನ ಮನೆಯ ಒಳಕೋಣೆಯಲ್ಲಿ ಆಯಿತು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಕಿಟಕಿಗೆ ಚಿಲಕ. ಎರಡನೇ ತಿಂಗಳಲ್ಲಿ ಸೊಂಟ ಹಿಡಿದುಕೊಂಡಿತು. ‘ಗಾಳಿ ಸೋಕಿರಬೇಕು’ ಎಂದು ಅಜ್ಜಿ ಇನ್ನೊಂದು ಶಾಲು ಹೊದಿಸಿದರು. ರಕ್ತ ಪರೀಕ್ಷೆಯಲ್ಲಿ ಬೇರೆಯೇ ಕಂಡಿತು: ಬಿಸಿಲು ಬಿದ್ದಾಗ ಚರ್ಮದಲ್ಲಿ ಹುಟ್ಟುವ ವಿಟಮಿನ್ ಡಿ ತೀರಾ ಕಡಿಮೆ. ಸೊಂಟನೋವಿಗೆಲ್ಲ ಇದೇ ಕಾರಣ ಅಂತಲ್ಲ. ಆದರೆ ಬಿಸಿಲಂತೂ ನನಗೆ ಸೋಕಿರಲಿಲ್ಲ.

ಹುಟ್ಟುವ ಹೊತ್ತಿಗೆ ಮಗುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಬಸುರಿಯ ಕರುಳು ಊಟದಿಂದ ಜಾಸ್ತಿ ಹೀರಿ ಅದನ್ನು ಹೊಂದಿಸುತ್ತದೆ. ಹಾಲೂಡಿಸುವಾಗ ಲೆಕ್ಕ ಬೇರೆ. ಆಗ ದೇಹ ಮೂಳೆಯಿಂದಲೇ ಸಾಲ ಎತ್ತುತ್ತದೆ. ಆರು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 3ರಿಂದ 5ರಷ್ಟು ಇಳಿಯಬಹುದು. ಗಾಬರಿ ಬೇಡ, ಹಾಲು ಬಿಡಿಸಿದ ಮೇಲೆ ಹೆಚ್ಚಿನವರಲ್ಲಿ ಸಾಲ ತೀರುತ್ತದೆ. ಕ್ಯಾಲ್ಸಿಯಂ ಮಾತ್ರೆ ನುಂಗಿದರೂ ಈ ಇಳಿತ ನಿಲ್ಲುವುದಿಲ್ಲ.

ಹಾಗಾದರೆ ಮಾತ್ರೆ ಯಾಕೆ? ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕೊರತೆ ಹೆಚ್ಚಾದರೆ ಮೂಳೆ ಮೆತ್ತಗಾಗುತ್ತದೆ, ನೆಲದಿಂದ ಏಳುವುದೇ ಕಷ್ಟ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ನಿಜ. ಡಿ ಮಾತ್ರ ರಾಗಿಯಲ್ಲಿ ಸಿಗದು.

ಸರ್ಕಾರದ ಮಾತ್ರೆಯಲ್ಲಿ 500 ಮಿಲಿಗ್ರಾಂ ಕ್ಯಾಲ್ಸಿಯಂ, 250 ಯೂನಿಟ್ ಡಿ ಇರುತ್ತದೆ. ದಿನಕ್ಕೆ ಎರಡು, 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ. ಊಟದ ಜೊತೆಗೇ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆ ಊಟವಾಗಿ ಎರಡು ಗಂಟೆ ಬಿಟ್ಟು. ಎರಡನ್ನೂ ಒಟ್ಟಿಗೆ ನುಂಗಿ ಕೆಲಸ ಮುಗಿಸಿಕೊಳ್ಳುವವರೇ ಜಾಸ್ತಿ, ಅಲ್ವಾ? ಕ್ಯಾಲ್ಸಿಯಂ ಎದುರಿಗಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಸೇರುವುದಿಲ್ಲ.

ಇನ್ನೊಂದು, ಹಾಲಿಗೆ ಬೆರೆಸಿ ಕುಡಿಯುವ 60,000 ಯೂನಿಟ್‌ನ ಡಿ ಪುಡಿ ಪೊಟ್ಟಣ. ವೈದ್ಯರು ವಾರಕ್ಕೊಂದು ಅಂದರೆ ವಾರಕ್ಕೊಂದೇ. ಸುಮ್ನೆ ದಿನಾ ಕುಡಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು. ಪಕ್ಕದ ಮನೆಯವರು ಕೊಟ್ಟರೆಂದು ಬೇಡವೇ ಬೇಡ.

ಎಳೆಬಿಸಿಲು ಮೈಗೆ ಹಿತ, ಆದರೆ ಅದರಲ್ಲಿ ಡಿ ಹುಟ್ಟುವುದು ಕಡಿಮೆ. ಹನ್ನೊಂದರ ನಂತರದ ಬಿಸಿಲು ಬೇಕು, ಅದೂ ಗಾಜಿನ ಹಿಂದೆ ಕೂತರೆ ಆಗದು. ಎದೆಹಾಲಿನಲ್ಲೂ ಡಿ ಕಡಿಮೆ. ಅದಕ್ಕೇ ಮಗುವಿಗೆ ದಿನಕ್ಕೆ 400 ಯೂನಿಟ್ ಹನಿ ಬರೆದುಕೊಡುತ್ತಾರೆ.

ಎರಡನೇ ಬಾಣಂತನದಲ್ಲಿ ಹಟ ಮಾಡಿ ಹಿತ್ತಿಲಲ್ಲಿ ಕೂತೆ. ಅಜ್ಜಿ ಬೈಯುತ್ತಲೇ ಬಂದು, ಮಗುವಿಗೆ ಮಾತ್ರ ಕೊಡೆ ಹಿಡಿದು ನಿಂತರು.