ಬಟ್ಟೆ ಐಚ್ಛಿಕ, ಟವೆಲ್ ಕಡ್ಡಾಯ

ನಮಸ್ಕಾರ. ಇದು ಕೊಡಗಿನ ಕಕ್ಕಬ್ಬೆ ಹತ್ತಿರದ ನಮ್ಮ ಹೋಮ್‌ಸ್ಟೇ. ಜುಲೈ ತಿಂಗಳು, ಬಿಡದೆ ಸುರಿಯುತ್ತಿರುವ ಮಳೆಗೆ ಇವತ್ತು ಹನ್ನೊಂದನೇ ದಿನ. ಲೆನ್ಸ್ ಒರೆಸಿ ಒರೆಸಿ ಸಾಕಾಗಿ ಹೊರಗಿನ ಶಾಟ್ ಕೈಬಿಟ್ಟೆ. ಈಗ ನೀವು ನೋಡುತ್ತಿರುವುದು ನಮ್ಮ ಬಚ್ಚಲುಮನೆ. ಕೆಳಗೆ ಹಂಡೆ ಒಲೆ, ಮೇಲೆ ಹಗ್ಗ, ಹಗ್ಗದ ಮೇಲೆ ಇಪ್ಪತ್ತೆರಡು ಟವೆಲ್. ಮೂರು ದಿನದಿಂದ ಇಲ್ಲೇ ನೇತಾಡುತ್ತಿವೆ. ಮುಟ್ಟಿದರೆ ಬೆಚ್ಚಗಿವೆ, ಆದರೆ ಒಣಗಿಲ್ಲ. ಹೊಗೆ ವಾಸನೆ ಬೇರೆ.

ಟವೆಲ್ಲನ್ನು ಇಷ್ಟು ಹತ್ತಿರದಿಂದ ಯಾಕೆ ತೋರಿಸುತ್ತಿದ್ದೇನೆ ಅಂತ ಕೇಳಬೇಡಿ. ಇವತ್ತಿನ ಕಥೆಗೆ ಇದೇ ಹೀರೋ.

ಹೋದ ವಾರ ಒಂದು ಮೇಲ್ ಬಂತು. ಯುರೋಪಿನ ಗಂಡ ಹೆಂಡತಿ, ಇಬ್ಬರೂ ರಿಟೈರ್ ಆದವರು. ಮೈಸೂರಿನಿಂದ ಟ್ಯಾಕ್ಸಿಗೆ ಎಷ್ಟಾಗುತ್ತೆ, ವೆಜ್ ಊಟ ಸಿಗುತ್ತಾ, ತಡಿಯಂಡಮೋಳ್ ಬೆಟ್ಟ ಹತ್ತಲು ಎಷ್ಟು ಹೊತ್ತು ಬೇಕು? ಎಲ್ಲ ಮಾಮೂಲಿ ಪ್ರಶ್ನೆ. ಕೊನೆಗೆ ಒಂದು ಸಾಲು: ನಿಮ್ಮ ಜಾಗ ಕ್ಲೋದಿಂಗ್ ಆಪ್ಷನಲ್ಲಾ?

ಅವ್ವನಿಗೆ ಹೇಗೆ ಹೇಳುವುದು? "ಪಿಯುಸಿಯಲ್ಲಿ ನನಗೆ ಐಚ್ಛಿಕ ಕನ್ನಡ ಇತ್ತಲ್ಲ, ಇದು ಐಚ್ಛಿಕ ಬಟ್ಟೆ. ಬೇಕಾದರೆ ಹಾಕಿಕೊಳ್ಳಬಹುದು, ಬೇಡವಾದರೆ ಇಲ್ಲ" ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಿಟಕಿಯಾಚೆ ತೋಟ ನೋಡಿ, "ಈ ಜಿಗಣೇಲಾ?" ಅಂದಳು. ಅಷ್ಟೇ.

ನಗು ಬಂತು, ಆದರೆ ವಿಷಯ ತಲೆಯಲ್ಲೇ ಉಳಿಯಿತು. ಇದರ ಹಿಂದೆ ಎಷ್ಟು ದೊಡ್ಡ ವ್ಯಾಪಾರ ಇದೆ ಅಂತ ನನಗೆ ಗೊತ್ತಿರಲಿಲ್ಲ. ಫ್ರಾನ್ಸಿನ ಅಟ್ಲಾಂಟಿಕ್ ತೀರದಲ್ಲಿ ಮೊಂಟಾಲಿವೆ ಅಂತ ಒಂದು ಊರಿದೆ. ಅಲ್ಲಿ 1950ರಲ್ಲೇ ಬಟ್ಟೆ ಇಲ್ಲದೆ ರಜೆ ಕಳೆಯುವವರ ಕ್ಯಾಂಪ್ ಶುರುವಾಯಿತು. ಇಂಥವರಿಗೆ ನೇಚುರಿಸ್ಟರು ಅನ್ನುತ್ತಾರೆ. ಅವರ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದೂ ಅಲ್ಲೇ, 1953ರಲ್ಲಿ. ಅದೇ ದೇಶದ ಕಾಪ್ ದಾಗ್ದ್‌ನಲ್ಲಂತೂ ಒಂದು ಇಡೀ ಹಳ್ಳಿಯೇ ಹೀಗೆ. ಬ್ಯಾಂಕು, ಬೇಕರಿ, ಕ್ಷೌರದಂಗಡಿ ಎಲ್ಲ ಅದರೊಳಗೇ ಇವೆ. ಇನ್ನು ಕ್ರೊಯೇಷಿಯಾದ ಕೊವೆರ್ಸಾದಾ ಕ್ಯಾಂಪ್ 1961ರದು. ಆಗ ಅದು ಕಮ್ಯುನಿಸ್ಟ್ ಯುಗೋಸ್ಲಾವಿಯಾ. ಸರ್ಕಾರಕ್ಕೆ ಡಾಲರು, ಜರ್ಮನ್ ಮಾರ್ಕು ಬೇಕಿತ್ತು. ಪ್ರವಾಸಿಗಳು ಬಟ್ಟೆ ಹಾಕಿಕೊಂಡು ಖರ್ಚು ಮಾಡಿದರೋ, ಬಿಚ್ಚಿಟ್ಟು ಮಾಡಿದರೋ, ನೋಟಿನ ಮೇಲೇನೂ ಬರೆದಿರುವುದಿಲ್ಲವಲ್ಲ.

ಈ ಕ್ಯಾಂಪುಗಳಿಗೆಲ್ಲ ಒಂದೇ ಕಾಯಿಲೆ. ನಮ್ಮದೂ ಅದೇ ಕಾಯಿಲೆ: ಸೀಸನ್. ನಮ್ಮನ್ನು ಮಳೆ ಕೂರಿಸುತ್ತೆ, ಅವರನ್ನು ಚಳಿ. ಜನವರಿಯಲ್ಲಿ ಮೊಂಟಾಲಿವೆಗೆ ಹೋಗಿ ಬಟ್ಟೆ ಬಿಚ್ಚಿದರೆ ನೇರ ಆಸ್ಪತ್ರೆಗೆ. ಕ್ಯಾಂಪನ್ನು ಎತ್ತಿಕೊಂಡು ಬಿಸಿಲಿರುವ ಕಡೆಗೆ ಹೋಗಲು ಆಗುತ್ತಾ? ಹಡಗಿಗೆ ಆಗುತ್ತೆ.

ನನ್ನ ದೊಡ್ಡಪ್ಪನ ಮಗ ಒಬ್ಬ ಕ್ರೂಸ್ ಹಡಗಿನ ಲಾಂಡ್ರಿಯಲ್ಲಿದ್ದಾನೆ. ಅವನ ಹಡಗು ಮಾಮೂಲಿಯದೇ, ಎಲ್ಲರೂ ಬಟ್ಟೆ ಹಾಕಿರುತ್ತಾರೆ. ಫೋನ್ ಮಾಡಿ ಕೇಳಿದೆ, ಬೆತ್ತಲೆ ಟ್ರಿಪ್ ಮಾಡುವ ಕಂಪನಿಗಳು ಬೇರೆ ಹಡಗು ಇಟ್ಟುಕೊಂಡಿರುತ್ತವಾ? ಅವನು ಅಂದ, "ಇಲ್ಲ ಕಣೇ. ಮಡಿಕೇರಿಯಲ್ಲಿ ಕಲ್ಯಾಣ ಮಂಟಪ ಬುಕ್ ಮಾಡ್ತಾರಲ್ಲ, ಹಾಗೆ."

ಇದು ನನಗೆ ಸರಿಯಾಗಿ ಅರ್ಥವಾಯಿತು. ಮಂಟಪದ ಓನರ್‌ಗೆ ಯಾರ ಮದುವೆ ಅನ್ನುವುದು ಮುಖ್ಯವಲ್ಲ. ಒಂದು ದಿನದ ಬಾಡಿಗೆ ಪೂರ್ತಿ ಬರಬೇಕು, ಸಾಮಾನು ಹಾಳಾಗಬಾರದು. ಐನೂರು ಜನ ಬಂದರೂ ಐವತ್ತು ಜನ ಬಂದರೂ ಬಾಡಿಗೆ ಅಷ್ಟೇ. ಹಡಗಿನ ವ್ಯಾಪಾರದಲ್ಲಿ ಇದಕ್ಕೆ ಚಾರ್ಟರ್ ಅನ್ನುತ್ತಾರೆ. ಅಮೆರಿಕದ ಟೆಕ್ಸಸ್‌ನಲ್ಲಿ ಬೇರ್ ನೆಸೆಸಿಟೀಸ್ ಅಂತ ಒಂದು ಟ್ರಾವೆಲ್ ಕಂಪನಿ ಇದೆ, 1990ರಲ್ಲಿ ಶುರುವಾಗಿದ್ದು. ಹಡಗು ಅವರದಲ್ಲ. ದೊಡ್ಡ ಕಂಪನಿಯ ಹಡಗನ್ನು ಇಡಿಯಾಗಿ ಬಾಡಿಗೆಗೆ ಹಿಡಿದು, ಆಮೇಲೆ ಒಂದೊಂದೇ ಕ್ಯಾಬಿನ್ ಮಾರುತ್ತಾರೆ. ಮಾರಾಟ ಆಗದಿದ್ದರೆ ನಷ್ಟ ಅವರ ತಲೆ ಮೇಲೆ.

2025ರ ಫೆಬ್ರವರಿಯಲ್ಲಿ ಮಯಾಮಿಯಿಂದ ಹೊರಟ ಅವರ 'ಬಿಗ್ ನ್ಯೂಡ್ ಬೋಟ್' ಟ್ರಿಪ್ 11 ದಿನದ್ದು. ಹಡಗು ನಾರ್ವೀಜಿಯನ್ ಪರ್ಲ್. ಅದರಲ್ಲಿ 2,300ಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ಟಿಕೆಟ್ ಸುಮಾರು 2,000 ಡಾಲರ್‌ನಿಂದ ಶುರುವಾಗಿತ್ತು, ಅಂದರೆ ಆಗಿನ ನಮ್ಮ ಲೆಕ್ಕದಲ್ಲಿ ಒಂದೂ ಮುಕ್ಕಾಲು ಲಕ್ಷದ ಹತ್ತಿರ. ಅಷ್ಟು ಕ್ಯಾಬಿನ್ ತುಂಬಿಸುವ ಜವಾಬ್ದಾರಿ ತಲೆ ಮೇಲಿದ್ದರೆ ನನಗಂತೂ ನಿದ್ದೆ ಬರುವುದಿಲ್ಲ. ನಮ್ಮ ನಾಲ್ಕು ರೂಮಿಗೇ ಬರುವುದಿಲ್ಲ.

ಈಗ ಮಜಾ ಭಾಗಕ್ಕೆ ಬರೋಣ. ಬೆತ್ತಲೆ ಹಡಗು ಅಂದರೆ ಯಾರು ಹೇಗಾದರೂ ಇರಬಹುದು ಅಂತ ತಾನೇ ನಾವು ಅಂದುಕೊಳ್ಳುವುದು? ಅದರ ನಿಯಮ ಓದಿದಾಗ ನನಗೆ ನಮ್ಮ ಹಾಸ್ಟೆಲ್ ವಾರ್ಡನ್ ನೆನಪಾದರು. ಡೈನಿಂಗ್ ಹಾಲ್‌ನಲ್ಲಿ ಬಟ್ಟೆ ಹಾಕಲೇಬೇಕು. ಹಡಗು ಬಂದರಿನಲ್ಲಿ ನಿಂತಾಗ ಎಲ್ಲರೂ ಮೈ ಮುಚ್ಚಿಕೊಳ್ಳಬೇಕು. ಸ್ವಿಮ್ಮಿಂಗ್ ಪೂಲ್ ಹತ್ತಿರ, ಡ್ಯಾನ್ಸ್ ಮಾಡುವಲ್ಲಿ ಫೋಟೋ ತೆಗೆಯುವ ಹಾಗಿಲ್ಲ. ಕೆಣಕುವಂಥ ಒಳಉಡುಪು ಹಾಕಿಕೊಂಡು ಓಡಾಡುವ ಹಾಗಿಲ್ಲ. ಏನೂ ಹಾಕದೆ ಇರಬಹುದು, ಅದನ್ನು ಮಾತ್ರ ಹಾಕಬಾರದು! ನಿಯಮ ಮುರಿದವರನ್ನು ಮುಂದಿನ ಬಂದರಿನಲ್ಲಿ ಇಳಿಸುತ್ತಾರೆ, ದುಡ್ಡು ವಾಪಸ್ ಇಲ್ಲ, ಮನೆಗೆ ಹೋಗುವ ಖರ್ಚೂ ಅವರದೇ.

ಮತ್ತೆ ಬರಿಮೈಯಲ್ಲಿ ಎಲ್ಲೇ ಕೂತರೂ ಕೆಳಗೆ ಟವೆಲ್ ಇರಲೇಬೇಕು. ಕುರ್ಚಿ, ಬೆಂಚು, ಬಾರ್ ಸ್ಟೂಲ್, ಎಲ್ಲದಕ್ಕೂ. ಇದನ್ನು ಓದಿ ಹೇಳಿದಾಗ ಅಣ್ಣ ಫೋನಿನಲ್ಲೇ ನಿಟ್ಟುಸಿರು ಬಿಟ್ಟ. ಸಾವಿರಾರು ಜನ, ದಿನವಿಡೀ ಕೂತಲ್ಲೆಲ್ಲ ಟವೆಲ್! ಬಟ್ಟೆ ಕಮ್ಮಿಯಾದರೆ ಒಗೆಯುವುದು ಕಮ್ಮಿ ಅಂದುಕೊಂಡಿದ್ದೆ ನಾನು. ಅಂದ ಹಾಗೆ, ಒಗೆಯುವವರು, ಬಡಿಸುವವರು ಎಲ್ಲ ಯೂನಿಫಾರ್ಮ್‌ನಲ್ಲೇ ಇರುತ್ತಾರೆ. ಐಚ್ಛಿಕ ಅನ್ನುವುದು ದುಡ್ಡು ಕೊಟ್ಟವರಿಗೆ ಮಾತ್ರ.

ಆ ಟ್ರಿಪ್ ಬಹಾಮಾಸ್‌ನಲ್ಲಿ ಗ್ರೇಟ್ ಸ್ಟಿರಪ್ ಕೇ ಅನ್ನುವ ಸಣ್ಣ ದ್ವೀಪಕ್ಕೂ ಹೋಗಿತ್ತು. ಅಲ್ಲಿ ದಡದಲ್ಲೂ ಬಟ್ಟೆ ಬೇಕಿರಲಿಲ್ಲ. ಯಾಕೆಂದರೆ ದ್ವೀಪವೇ ಹಡಗು ಕಂಪನಿಯದು. ಮಿಕ್ಕ ಊರುಗಳಲ್ಲಿ ಅವರು ಮಾಮೂಲಿ ಪ್ರವಾಸಿಗಳ ಹಾಗೆ ಚಡ್ಡಿ, ಟೀಶರ್ಟ್ ಹಾಕಿ ಇಳಿಯುತ್ತಾರೆ, ಟೋಪಿ ಕೊಳ್ಳುತ್ತಾರೆ, ಎಳನೀರು ಕುಡಿಯುತ್ತಾರೆ. ಅಂಗಡಿಯವನಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಎರಡು ಊರುಗಳ ಮಧ್ಯೆ, ಸಮುದ್ರದಲ್ಲಿ, ಅವರಿಗೆ ಸಿಗುವುದು ಬೇರೆಯವರು ನಡೆದು ಬರಲಾಗದ ಜಾಗ. ಅವರು ಅಷ್ಟೊಂದು ದುಡ್ಡು ಸುರಿಯುವುದು ಅದಕ್ಕೇ.

ನಮ್ಮಲ್ಲಿ ಅದೊಂದೇ ಇಲ್ಲ. ಬನ್ನಿ, ಕಿಟಕಿಯಿಂದ ತೋರಿಸುತ್ತೇನೆ. ಆ ಸಿಲ್ವರ್ ಓಕ್ ಮರದ ಪಕ್ಕ ಒಂದು ಕಾಲುದಾರಿ ಕಾಣುತ್ತಿದೆಯಲ್ಲ, ಅದು ನಮ್ಮ ಅಂಗಳದ ಅಂಚಲ್ಲೇ ಹಾದು ತೋಡಿನ, ಅಂದರೆ ಸಣ್ಣ ಹಳ್ಳದ ಕಡೆಗೆ ಇಳಿಯುತ್ತದೆ. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ ಹೆಂಗಸರು ಬೆಳಗ್ಗೆ ಎಂಟಕ್ಕೆ ಅದರಲ್ಲೇ ಕೆಲಸಕ್ಕೆ ಹೋಗುತ್ತಾರೆ. ಎರಡು ವರ್ಷದ ಹಿಂದೆ ಎಂಟು ಹುಡುಗರು ಇಡೀ ಮನೆ ಬುಕ್ ಮಾಡಿದ್ದರು. "ಫುಲ್ ಪ್ರೈವೇಟ್" ಅಂತ ಬರೆದದ್ದು ನಾನೇ. ಅವರು ಬೆಳಗ್ಗೆ ಒಳಚಡ್ಡಿಯಲ್ಲಿ ತೋಡಿಗಿಳಿದು ಕುಣಿಯುತ್ತಿದ್ದರು. ಹೆಂಗಸರು ದೂರದಿಂದಲೇ ನೋಡಿ, ಹಿಂದೆ ತಿರುಗಿ, ಗುಡ್ಡ ಸುತ್ತಿ ಹೋದರು. ಕೆಲಸಕ್ಕೆ ಮುಕ್ಕಾಲು ಗಂಟೆ ತಡ. ಮೇಸ್ತ್ರಿ ಬಂದು ನನ್ನನ್ನು ಬೈದ, ಹುಡುಗರನ್ನಲ್ಲ. ಸರಿಯಾಗೇ ಬೈದ. ಮನೆ ಬಾಡಿಗೆಗೆ ಕೊಡಲು ನಮ್ಮದು, ದಾರಿ ನಮ್ಮದಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಸಾರ್ವಜನಿಕ ಜಾಗದಲ್ಲಿ ಇನ್ನೊಬ್ಬರಿಗೆ ಕಿರಿಕಿರಿಯಾಗುವ ಅಶ್ಲೀಲ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 296ನೇ ಸೆಕ್ಷನ್ ಇದೆ, ಮೂರು ತಿಂಗಳವರೆಗೆ ಜೈಲು. ಹಾಗಂತ ಇದು ನಮ್ಮ ದೇಶಕ್ಕೆ ನಿನ್ನೆ ಬಂದ ಐಡಿಯಾ ಅಲ್ಲ. ದಾಖಲೆ ಇರುವ ಮೊದಲ ನೇಚುರಿಸ್ಟ್ ಸಂಘ 1891ರಲ್ಲಿ ಬಾಂಬೆ ಹತ್ತಿರದ ಠಾಣೆಯಲ್ಲಿತ್ತಂತೆ. ಮಾಡಿದವರು ಅಲ್ಲಿನ ಬ್ರಿಟಿಷ್ ಜಡ್ಜ್, ಚಾರ್ಲ್ಸ್ ಕ್ರಾಫರ್ಡ್. ಸದಸ್ಯರು ಒಟ್ಟು ಮೂರು ಜನ. ಜಡ್ಜೇ ಸದಸ್ಯನಾದರೆ ಕೇಸು ಹಾಕುವವರು ಯಾರು, ಅಲ್ವಾ?

ಬಟ್ಟೆಯ ನಿಯಮ ಸಡಿಲಿಸುವುದು ನಮ್ಮ ಜಿಲ್ಲೆಗೂ ಗೊತ್ತು. ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬ ನೋಡಿದವರಿಗೆ ಹೇಳಬೇಕಿಲ್ಲ. ಗಂಡಸರು ಸೀರೆ, ಫ್ರಾಕು ಹಾಕಿ, ಡಬ್ಬ ಬಡಿಯುತ್ತಾ, ಎದುರಿಗೆ ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ದೇವರನ್ನೂ ಬಿಡುವುದಿಲ್ಲ. ಗೋಣಿಕೊಪ್ಪದಲ್ಲಿ ನನ್ನ ಬೈಕ್ ಅಡ್ಡಗಟ್ಟಿ ಬೈದವನೊಬ್ಬ ಮಾರನೇ ದಿನ ಪ್ಯಾಂಟು ಶರ್ಟಿನಲ್ಲಿ ಸಿಕ್ಕಿ, "ಊಟ ಆಯ್ತಾ ಅಕ್ಕ?" ಅಂದ. ಹಬ್ಬದ ಗಡಿ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು. ಅಲ್ಲಿ ಮಾತ್ರ ಟಿಕೆಟ್ ಇಲ್ಲ.

ಆ ದಂಪತಿಗೆ ನಿನ್ನೆ ಉತ್ತರ ಬರೆದೆ. ಕ್ಷಮಿಸಿ, ಅಂಗಳದಲ್ಲಿ, ತೋಟದಲ್ಲಿ ಬಟ್ಟೆ ಬೇಕು, ದಾರಿ ಎಲ್ಲರದು ಅಂತ. ಜೊತೆಗೆ ನನ್ನ ಕಾಲಿಗೆ ಹತ್ತಿದ್ದ ಜಿಗಣೆಯ ಫೋಟೋ ಕಳಿಸಿದೆ. ಆದರೆ ಬಚ್ಚಲುಮನೆ ಇದೆ, ಹಂಡೆ ತುಂಬ ಸುಡುನೀರು ಇರುತ್ತೆ, ಎಷ್ಟು ಹೊತ್ತು ಬೇಕಾದರೂ ಒಳಗಿರಿ, ಯಾರೂ ಕೇಳುವುದಿಲ್ಲ ಅಂತಲೂ ಬರೆದೆ. ಬೆಳಗ್ಗೆ ಬುಕಿಂಗ್ ಬಂತು. ಜನವರಿಯಲ್ಲಿ ಮೂರು ರಾತ್ರಿ. ಟವೆಲ್ ತಾವೇ ತರುತ್ತಾರಂತೆ, ಅಭ್ಯಾಸ ಇದೆಯಂತೆ.

ಅವ್ವನಿಗೆ ಹೇಳಿದೆ. ಅವಳು ಒಲೆಗೆ ಕಾಫಿ ಬೊಡ್ಡೆ ತಳ್ಳುತ್ತಾ, ತಲೆ ಎತ್ತದೆ ಹೇಳಿದಳು: "ಹಾಗಾದರೆ ಮೊದಲು ಆ ಬಾಗಿಲಿಗೊಂದು ಚಿಲಕ ಹಾಕಿಸು. ತುಕ್ಕು ಹಿಡಿದು ಬಿದ್ದು ಎಷ್ಟು ತಿಂಗಳಾಯಿತು!"